ಖಾಲಿ ಹೌಜಿನ ಕಿತ್ತಳೆ

ಮೊನವ್ವರ್‌ಳ ಮರ ಈವರೆಗೆ ಐದು ಕುಂಡ ಬದಲಿಸಿತ್ತು. ಐದನ್ನೂ ತಿಗರಿಯಲ್ಲಿ ತಿರುಗಿಸಿ, ಸುಟ್ಟು ಕೊಟ್ಟವನು ಅವಳ ಗಂಡ ಯದುಲ್ಲಾ. ಮೊದಲನೆಯ ಕುಂಡದಲ್ಲಿ ಈಗ ಅಡುಗೆಮನೆಯ ಚಮಚಗಳು ನಿಂತಿವೆ. ಎರಡನೆಯದರಲ್ಲಿ ಅತ್ತೆ ಈರುಳ್ಳಿ ಇಡುತ್ತಾರೆ. ಮೂರನೆಯದನ್ನು ಬೆಕ್ಕು ತನ್ನದು ಮಾಡಿಕೊಂಡು ಪ್ರತಿ ವಸಂತಕ್ಕೂ ಅದರೊಳಗೆ ಮರಿ ಹಾಕುತ್ತದೆ. ನಾಲ್ಕನೆಯದು ಒಂದು ಬಿರುಚಳಿಯ ಬೆಳಿಗ್ಗೆ ತಾನಾಗಿಯೇ ಎರಡು ಹೋಳಾಯಿತು. ಐದನೆಯದು ಎಷ್ಟು ದೊಡ್ಡದೆಂದರೆ, ಅದನ್ನು ಸುಡುವ ಗೂಡಿನಿಂದ ಹೊರತೆಗೆದ ದಿನ ಯದುಲ್ಲಾ ಮಗಳು ಸೂದಾಬೆಯನ್ನು ಅದರೊಳಗೆ ನಿಲ್ಲಿಸಿ, "ಇವಳಿಗೂ ಸ್ವಲ್ಪ ಗೊಬ್ಬರ ಹಾಕೇ, ಬೆಳೀಲಿ" ಎಂದಿದ್ದ.

ಲಾಲೆಜಿನ್ ಕುಂಬಾರರ ಊರು, ಅಲ್ಲಿ ಕುಂಡಕ್ಕೆ ಬರವಿಲ್ಲ. ಬರವಿದ್ದದ್ದು ಬೆಚ್ಚಗಿನ ಗಾಳಿಗೆ. ಅಲ್ವಂದ್ ಬೆಟ್ಟದಿಂದ ಇಳಿಯುವ ಚಳಿ, ಅಕ್ರೋಟು ಬಡಿದು ಮುಗಿಯುವುದರೊಳಗೆ ಬಾವಿಯ ಹಗ್ಗವನ್ನು ಕೋಲಿನಂತೆ ಸೆಟೆಸಿಬಿಡುತ್ತದೆ. ಅಂಥ ಊರಿನಲ್ಲಿ ಕಡಲತೀರದ ಹುಳಿಕಿತ್ತಳೆ ಮರವೊಂದು ಬದುಕಿರುವುದೇ ಜನರಿಗೆ ತಮಾಷೆಯಾಗಿತ್ತು. ಅದು ಹೂ ಬಿಡಲಿ ಎಂದು ಒಬ್ಬಳು ಕಾದು ಕುಳಿತಿರುವುದು ಅದಕ್ಕಿಂತ ದೊಡ್ಡ ತಮಾಷೆ.

ಮರ ಬಂದದ್ದು ಹೀಗೆ. ಮೊನವ್ವರ್ ಕಡಲತೀರದ ತೊನೆಕಾಬೊನ್ ಕಡೆಯ ಹುಡುಗಿ. ಲಾರಿಯಲ್ಲಿ ಹೂಜಿ, ಬೋಗುಣಿ ತುಂಬಿಕೊಂಡು ಕಡಲ ಸಂತೆಗೆ ಹೋಗುತ್ತಿದ್ದ ಯದುಲ್ಲಾನನ್ನು ಮದುವೆಯಾಗಿ, ಒಂದು ಮಂಜಿನ ದಿನ ಈ ಮನೆಗೆ ಬಂದಳು. ಜೊತೆಗೆ ತವರಿನಿಂದ ಒಂದು ಚೀಲ ಹುಳಿಕಿತ್ತಳೆ. ಆ ವರ್ಷದ ನೌರೂಜ್‌ಗೆ, ವಸಂತದ ಹೊಸವರ್ಷದ ಹಬ್ಬಕ್ಕೆ, ಅತ್ತೆ ಅಖ್ತರ್ ಖಾನುಂ ತಟ್ಟೆಯಲ್ಲಿ ಗೋಧಿ ಮೊಳಕೆ ಬೆಳೆಸುವಾಗ, ಸೊಸೆ ತನ್ನ ಕಡೆಯ ಪದ್ಧತಿಯಂತೆ ಕಿತ್ತಳೆ ಬೀಜಗಳನ್ನು ನೆನೆಸಿ, ಸಿಪ್ಪೆ ಸುಲಿದು, ಚೂಪು ತುದಿ ಕೆಳಗೆ ಮಾಡಿ ಇನ್ನೊಂದು ತಟ್ಟೆಯಲ್ಲಿ ಒತ್ತೊತ್ತಾಗಿ ಊರಿದಳು. ಹಬ್ಬದ ಹೊತ್ತಿಗೆ ತಟ್ಟೆಯ ತುಂಬ ಬೆರಳುದ್ದದ ಕಾಡು. ಮಿರುಗುವ ಹಸಿರು.

"ಚೆಂದ ಇದೆ" ಎಂದಿದ್ದರು ಅತ್ತೆ. ಅವರ ಬಾಯಲ್ಲಿ ಆ ಮಾತು ಸುಲಭವಾಗಿ ಬರುವಂಥದ್ದಲ್ಲ.

ಆ ಧೈರ್ಯದಲ್ಲಿ ಹೊಸ ಸೊಸೆ ಒಂದು ಮಾತು ಆಡಿಬಿಟ್ಟಳು. ತನ್ನೂರಿನಲ್ಲಿ ವಸಂತ ಬಂತೆಂದರೆ ಕಿತ್ತಳೆ ಹೂವಿನ ಪರಿಮಳಕ್ಕೆ ಬೀದಿಯ ಜನ ಮಾತು ಮರೆತು ನಿಲ್ಲುತ್ತಾರೆ, ಮರದಡಿ ದುಪ್ಪಟಿ ಹಾಸಿ ಬಿದ್ದ ಹೂ ಆರಿಸುತ್ತಾರೆ, ಚಹಾಕ್ಕೂ ಅದೇ, ಮುರಬ್ಬಕ್ಕೂ ಅದೇ ಎಂದಳು. ಹಬ್ಬಕ್ಕೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ಬಲ್ಗೀಸ್ ಪಿಸ್ತಾ ಸಿಪ್ಪೆ ಉಗಿಯುತ್ತ, "ನಮ್ಮೂರಲ್ಲಿ ಗೂಡಿನ ಹೊಗೆಗೂ ಜನ ಮಾತು ಮರೀತಾರಮ್ಮ, ಕೆಮ್ಮು ಬಂದು" ಎಂದಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು.

"ಈ ಅಂಗಳದಲ್ಲೇ ಆ ವಾಸನೆ ತೋರಿಸ್ತೀನಿ, ನೋಡ್ತಿರಿ" ಎಂದಳು ಮೊನವ್ವರ್. ಕಿವಿ ಕೆಂಪಾಗಿದ್ದವು.

ಹಬ್ಬದ ಹದಿಮೂರನೆಯ ದಿನ ಊರಿಗೆ ಊರೇ ಹೊಳೆದಂಡೆಗೆ ಹೋಗುತ್ತದೆ. ಮನೆಯ ಹಸಿರು ತಟ್ಟೆಗಳನ್ನು ಹರಿಯುವ ನೀರಿಗೆ ಬಿಡಬೇಕು. ವರ್ಷದ ಕೇಡನ್ನೆಲ್ಲ ಆ ಹಸಿರು ಹೀರಿಕೊಂಡಿರುತ್ತದಂತೆ. ಅದನ್ನು ಉಳಿಸಿಕೊಂಡರೆ ಕೇಡನ್ನೇ ಮನೆಯಲ್ಲಿ ಕೂರಿಸಿಕೊಂಡಂತೆ. ಮೊನವ್ವರ್ ತಟ್ಟೆಯನ್ನು ನೀರಿಗೆ ಬಿಟ್ಟಳು. ಬಿಡುವ ಮೊದಲು ಒಂದೇ ಒಂದು ಸಸಿಯನ್ನು ಬೇರುಸಮೇತ ಎಳೆದು ಅಂಗಿಯ ತೋಳಿನೊಳಗೆ ಅಡಗಿಸಿದಳು. ದಾರಿಯುದ್ದಕ್ಕೂ ಒದ್ದೆ ಬೇರು ಅವಳ ಮುಂಗೈಗೆ ತಣ್ಣಗೆ ತಾಗುತ್ತಿತ್ತು. ಮನೆಗೆ ಬಂದು ಅದನ್ನೊಂದು ಚಹಾ ಲೋಟದಲ್ಲಿ ಊರಿದಳು.

ಅತ್ತೆಗೆ ಗೊತ್ತಾದದ್ದು ಮೂರನೆಯ ದಿನ. ಬೈದರು, ಅತ್ತರು, ಕಡೆಗೆ ಮಗನ ಕಡೆ ತಿರುಗಿದರು. "ಹದಿಮೂರರ ಹಸಿರನ್ನ ಮನೇಲಿ ಇಟ್ಕೊಂಡಿದಾಳೆ ನಿನ್ನ ಹೆಂಡ್ತಿ. ಏನಾದ್ರೂ ಆದ್ರೆ ನನ್ನ ಕೇಳಬೇಡ."

ಯದುಲ್ಲಾ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದ. "ಬೀಜ ಒಂದು, ಎಲೆ ಎರಡು. ಇದರಲ್ಲಿ ಕೇಡು ಎಲ್ಲಿ ಹಿಡಿಸುತ್ತಮ್ಮ?" ಎಂದ. ಮರುದಿನ ಮುಷ್ಟಿಗಾತ್ರದ ಕುಂಡವೊಂದನ್ನು ಹೆಂಡತಿಯ ಮುಂದಿಟ್ಟು, "ಗಿಡ ನಿಂದು, ಕುಂಡ ನಂದು. ಜಗಳ ಬಂದ್ರೆ ಕುಂಡ ಮಾತ್ರ ವಾಪಸ್ ಕೊಡು" ಎಂದ.

ಅಂದಿನಿಂದ ಆ ಮನೆಯಲ್ಲಿ ಏನು ಕೆಟ್ಟರೂ ಹೊಣೆ ಹೊರಲು ಒಬ್ಬರು ಸಿಕ್ಕರು. ಗೂಡಿನಲ್ಲಿ ಬಣ್ಣ ಕೂರಲಿಲ್ಲವೆಂದರೆ ಕಿತ್ತಳೆ ಗಿಡ. ಮೈದುನ ಹೆಮ್ಮತ್ ಏಣಿಯಿಂದ ಬಿದ್ದರೆ ಕಿತ್ತಳೆ ಗಿಡ. ಅತ್ತೆಯ ಮಂಡಿ ನೋವಂತೂ ಪೂರ್ತಿ ಕಿತ್ತಳೆಯದೇ. "ಬಿಡಿ ಅತ್ತೆ, ಗಿಡ ಹುಟ್ಟೋಕೂ ಮುಂಚೆ ನಿಮ್ಮ ಮಂಡಿ ನೋಯ್ತಿತ್ತು" ಎಂದು ಮೊನವ್ವರ್ ಒಮ್ಮೆ ಹೇಳಿದಳು. "ಅದು ಬರೋದು ನನ್ನ ಮಂಡಿಗೆ ಮೊದಲೇ ಗೊತ್ತಿತ್ತು ಕಣೇ" ಎಂದರು ಅತ್ತೆ.

ಬೈಯುತ್ತಲೇ ಇದ್ದರು. ಆದರೆ ಕಿತ್ತು ಎಸೆಯಲಿಲ್ಲ. ಮೊನವ್ವರ್ ಅದನ್ನು ಗಮನಿಸಿದ್ದಳು, ಯಾರಿಗೂ ಹೇಳಿರಲಿಲ್ಲ.

ಗಿಡ ಬೇಸಿಗೆಯಲ್ಲಿ ಅಂಗಳದಲ್ಲಿ, ಚಳಿಗಾಲದಲ್ಲಿ ದಕ್ಷಿಣದ ಕೋಣೆಯ ಕಿಟಕಿಯಲ್ಲಿ ಬೆಳೆಯಿತು. ಮೈತುಂಬ ಮುಳ್ಳು, ಬೆರಳುದ್ದದವು. ಮೂರು ವರ್ಷಕ್ಕೆ ಸೊಂಟದೆತ್ತರ, ಆರು ವರ್ಷಕ್ಕೆ ಬಾಗಿಲಿನೆತ್ತರ. ಅಲ್ಲಿಂದ ಮುಂದೆ ಪ್ರತಿ ಶರತ್ಕಾಲವೂ ಒಂದೇ ಕೆಲಸ. ಕೋಣೆಯ ಬಾಗಿಲು ಗಿಡ್ಡ, ಚಾವಣಿಯ ತೊಲೆಯೂ ತಗ್ಗು. ಹಾಗಾಗಿ ಮೊನವ್ವರ್ ಕತ್ತರಿ ಹಿಡಿದು ನೆತ್ತಿಯನ್ನು ಕತ್ತರಿಸಿ, ಮರವನ್ನು ಒಳಗೆ ತರಿಸುತ್ತಿದ್ದಳು. ಚಿಗುರು ಕತ್ತರಿಸುವಾಗ ಬರುವ ಹುಳಿಘಮ ಅವಳಿಗೆ ಇಷ್ಟ. ಸ್ವಲ್ಪ ಹೊತ್ತು ಕೈ ತೊಳೆಯುತ್ತಿರಲಿಲ್ಲ.

ಎಲೆ ಬಂತು, ಮುಳ್ಳು ಬಂತು, ಹೂ ಬರಲಿಲ್ಲ. ನೌರೂಜ್‌ಗೆ ಬಂದ ಬಲ್ಗೀಸ್ ಪ್ರತಿ ವರ್ಷವೂ ಅಂಗಳದಲ್ಲಿ ನಿಂತು ಮೂಗು ಮೇಲೆತ್ತಿ ಗಾಳಿ ಮೂಸುತ್ತಿದ್ದಳು. "ಬಂತು ಬಂತು, ವಾಸನೆ ಬಂತು... ಅಯ್ಯೋ, ಇದು ಸುಟ್ಟ ಬೆಳ್ಳುಳ್ಳಿ."

ಹತ್ತನೆಯದೋ ಹನ್ನೊಂದನೆಯದೋ ವರ್ಷ ತವರಿನಿಂದ ಅಣ್ಣ ಫರಾಮರ್ಜ್ ಬಂದ. ಅವನದು ಕಿತ್ತಳೆ ತೋಟ. ಅಕ್ಕಿ ಮೂಟೆ, ಹಣ್ಣಿನ ಚೀಲ ಇಳಿಸಿ, ಚಹಾ ಕುಡಿದು, ಮರದ ಸುತ್ತ ಒಂದು ಸುತ್ತು ಬಂದ. ನೆತ್ತಿಯ ಹಳೆಯ ಗಾಯಗಳ ಮೇಲೆ ಹೆಬ್ಬೆರಳು ಆಡಿಸಿದ.

"ಇದನ್ನ ಯಾರು ಕತ್ತರಿಸೋದು?"

"ನಾನೇ. ಇಲ್ದಿದ್ರೆ ಒಳಗೆ ಹೋಗಲ್ಲ."

"ಪ್ರತಿ ವರ್ಷ?"

"ಹೂಂ. ಯಾಕೆ?"

ಫರಾಮರ್ಜ್ ಜಗಲಿಯ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿದ ಮೇಲೆ ತಂಗಿಯ ಮುಖ ನೋಡಿ ದನಿ ತಗ್ಗಿಸಿದ. "ಬೀಜದಿಂದ ಬಂದದ್ದು ಕಣೇ ಇದು. ಬೀಜದ ಮರಕ್ಕೆ ಬಾಲ್ಯ ಅನ್ನೋದು ಉದ್ದ. ಬುಡದಲ್ಲಿ ಮಗು, ಮೇಲೆ ಹೋಗ್ತಾ ಹೋಗ್ತಾ ದೊಡ್ಡದಾಗುತ್ತೆ. ಹೂ ಬಿಡೋ ವಯಸ್ಸು ಇರೋದು ನೆತ್ತೀಲಿ. ನೀನು ಆ ನೆತ್ತೀನೇ ಪ್ರತಿ ವರ್ಷ ಕತ್ತರಿಸಿ ಒಲೆಗೆ ಹಾಕಿದ್ದೀಯ. ಇದು ಪ್ರತಿ ವರ್ಷ ದೊಡ್ಡದಾಗೋಕೆ ಹೊರಡುತ್ತೆ, ನೀನು ಪ್ರತಿ ವರ್ಷ ತೊಟ್ಟಿಲಿಗೆ ಹಾಕ್ತೀಯ."

ಮೊನವ್ವರ್ ಗೋಡೆಯ ಕಡೆ ನೋಡಿದಳು. ಕತ್ತರಿ ಗೂಟದಲ್ಲಿ ತೂಗುತ್ತಿತ್ತು. ಇಷ್ಟು ವರ್ಷ ಕೈಯಾರೆ ಕತ್ತರಿಸಿ, ಆ ಕೈಯನ್ನೇ ಮೂಗಿಗೆ ಹಿಡಿದು ಖುಷಿಪಟ್ಟದ್ದು ನೆನಪಾಯಿತು.

"ಇಷ್ಟಕ್ಕೆಲ್ಲ ಮುಖ ಇಳಿಸ್ಬೇಡ. ನಮ್ಮ ತೋಟದ್ದು ಒಂದು ಕಡ್ಡಿ ತರ್ತೀನಿ, ಕಸಿ ಕಟ್ಟೋಣ. ಎರಡೇ ವರ್ಷ. ಹೂವೂ ಬರುತ್ತೆ, ಕಾಯೂ ಬರುತ್ತೆ."

"ಬೇಡ."

"ಯಾಕೆ ಬೇಡ?"

"ಆಗ ಅದು ನಿನ್ನ ಮರದ ಹೂವಾಗುತ್ತೆ ಅಣ್ಣ. ನಾನು ಮಾತು ಕೊಟ್ಟಿರೋದು ಈ ಮರದ್ದು."

ಅಂಗಳದ ಮೂಲೆಯಲ್ಲಿ ಬೇಳೆ ಆರಿಸುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು. "ನೋಡಪ್ಪ ಫರಾಮರ್ಜ್, ಈ ಹಟಾನ ನಮಗೆ ಕೊಟ್ಟು ಕಳಿಸಿದ್ದೀರಲ್ಲ, ನಿಮ್ಮ ಕಡಲಿಗೆ ಈಗ ಎಷ್ಟು ಹಗುರಾಗಿರ್ಬೇಕು."

ಕತ್ತರಿಯನ್ನು ಮೊನವ್ವರ್ ಮತ್ತೆ ಮುಟ್ಟಲಿಲ್ಲ. ಮುಂದಿನ ಚಳಿಗಾಲಗಳಲ್ಲಿ ಮರ ಕೋಣೆಯೊಳಗೆ ಮಲಗಿಕೊಂಡು ಬಂತು. ಕುಂಡವನ್ನು ಓರೆಯಾಗಿಸಿ ಕಲ್ಲು ಕೊಟ್ಟು ನಿಲ್ಲಿಸುವುದು, ನೆತ್ತಿಯನ್ನು ತೊಲೆಯ ಕೆಳಗೆ ಗೋಡೆಗುಂಟ ಬಗ್ಗಿಸಿ ಬಟ್ಟೆಯಿಂದ ಕಟ್ಟುವುದು. ಕೆಂಡದ ಮೇಲೆ ಮೇಜಿಟ್ಟು ರಜಾಯಿ ಹೊದಿಸಿದ ಕೋರ್ಸಿಯ ಸುತ್ತ ಮನೆಮಂದಿ ಕಾಲು ಚಾಚಿ ಕುಳಿತರೆ, ಅವರ ತಲೆಯ ಮೇಲೆ ಮುಳ್ಳಿನ ಕೊಂಬೆ. "ನಿನ್ನ ನೆಂಟರಿಗೆ ಹಾಸಿಗೆ ಸರಿಹೋಯ್ತಾ, ವಿಚಾರಿಸು" ಎನ್ನುತ್ತಿದ್ದರು ಅತ್ತೆ, ತಲೆವಸ್ತ್ರ ಮುಳ್ಳಿಗೆ ಸಿಕ್ಕಾಗಲೆಲ್ಲ.

ಅಷ್ಟರಲ್ಲಿ ಹೆಮ್ಮತ್‌ನ ಮದುವೆ ಗೊತ್ತಾಯಿತು. ನೌರೂಜ್ ಮುಗಿದ ಮೇಲೆ ಮದುವೆ. ದಕ್ಷಿಣದ ಕೋಣೆ ಹೊಸ ಜೋಡಿಗೆ. ಶರತ್ಕಾಲದಲ್ಲೇ ಗೋಡೆಗೆ ಸುಣ್ಣ, ನೆಲಕ್ಕೆ ಹೊಸ ಗಾರೆ ಶುರುವಾಗಬೇಕು. ಮನೆಯಲ್ಲಿ ಬಿಸಿಲು ಬೀಳುವ ಕೋಣೆ ಅದೊಂದೇ.

"ಮರ?" ಎಂದಳು ಮೊನವ್ವರ್.

"ಮರಕ್ಕೆ ಹೆಣ್ಣು ನೋಡಿಲ್ಲ ಅತ್ತಿಗೆ" ಎಂದ ಹೆಮ್ಮತ್. ಹೇಳಿದ ಮೇಲೆ ಅವನಿಗೇ ಕಸಿವಿಸಿಯಾಯಿತು. "ಯಾರಿಗಾದ್ರೂ ಕೊಟ್ಬಿಡೋಣ. ಶಹರದಲ್ಲಿ ಗಾಜಿನ ಮನೆ ಇಟ್ಕೊಂಡೋರು ಇದಾರಂತೆ."

ಮೊನವ್ವರ್ ಅಂಗಳಕ್ಕೆ ಹೋಗಿ ಮರದ ಬಳಿ ನಿಂತಳು. ಹದಿನಾಲ್ಕು ವರ್ಷದ ಮರ, ಸೂದಾಬೆಗಿಂತ ಎರಡು ವರ್ಷ ದೊಡ್ಡದು. ನೆತ್ತಿಯ ಹೊಸ ಕೊಂಬೆಗಳಲ್ಲಿ ಈ ಸಲ ಮುಳ್ಳು ಸಣ್ಣದಾಗಿತ್ತು, ಕೆಲವು ಕಡೆ ಇರಲೇ ಇಲ್ಲ. ಮುಳ್ಳು ಬಿಡುವುದನ್ನು ಮರೆತರೆ ಮರ ದೊಡ್ಡದಾಯಿತು ಎಂದೇ ಲೆಕ್ಕ, ಅಣ್ಣ ಹೇಳಿದ್ದ. ಈಗ ಇದನ್ನು ಕೊಟ್ಟುಬಿಟ್ಟರೆ ಆ ಪರಿಮಳ ಬೇರೆ ಯಾರದೋ ಅಂಗಳದಲ್ಲಿ ಹರಡುತ್ತದೆ. ಹೊರಗೆ ಬಿಟ್ಟರೆ ಮೊದಲ ಹಿಮಕ್ಕೇ ಕಪ್ಪಾಗುತ್ತದೆ.

ಅದೇ ವಾರ ಯದುಲ್ಲಾ ಹೌಜು ಖಾಲಿ ಮಾಡಿದ. ಅಂಗಳದ ನಡುವಿನ ಆ ನೀರಿನ ಕೊಳವನ್ನು ಚಳಿಗೆ ಮೊದಲು ಬರಿದು ಮಾಡದಿದ್ದರೆ ಹೆಪ್ಪುಗಟ್ಟಿದ ನೀರು ಗೋಡೆಯನ್ನು ಸೀಳುತ್ತದೆ. ಬೇರೆ ಮನೆಗಳ ಹೌಜು ಮೊಣಕಾಲುದ್ದ. ಇವರದು ಆಳು ಮುಳುಗುವಷ್ಟು. ಯದುಲ್ಲಾನ ಅಜ್ಜ ಅದನ್ನು ಮಣ್ಣು ಕರಗಿಸಿ ತಿಳಿಯಾಗಿಸುವ ಗುಂಡಿಯಾಗಿ ತೋಡಿದ್ದನಂತೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ಕೊನೆಯ ಕೆಸರನ್ನು ಬಳಿಯಲು ಮೊನವ್ವರ್ ಏಣಿ ಇಟ್ಟು ಕೆಳಗಿಳಿದಳು. ಮೇಲೆ ಚಳಿಗಾಳಿ ಬೀಸುತ್ತಿತ್ತು. ಕೆಳಗೆ ಗಾಳಿಯೇ ಇಲ್ಲ. ಗೋಡೆಗೆ ಅಂಗೈ ಇಟ್ಟಳು. ಹಸುವಿನ ಮೈಯಂತೆ ಉಗುರುಬೆಚ್ಚಗಿತ್ತು.

"ಏನೇ, ಕೆಳಗೇ ಮನೆ ಮಾಡ್ದೆಯಾ?" ಎಂದ ಯದುಲ್ಲಾ ಮೇಲಿಂದ.

"ಹೌದು ಕಣ್ರೀ. ನನಗಲ್ಲ" ಎಂದಳು ಮೊನವ್ವರ್.

ಹೆಮ್ಮತ್ ಮತ್ತು ಗೂಡಿನ ಆಳುಗಳು ಹಗ್ಗ ಕಟ್ಟಿ ಮರವನ್ನು ಹೌಜಿಗೆ ಇಳಿಸಿದರು. ಮದುಮಗನ ಮುಂಗೈ ತುಂಬ ಮುಳ್ಳಿನ ಗೀರು. ಓರೆಯಾಗಿ ಮಲಗುವುದು ಮರಕ್ಕೆ ಅಭ್ಯಾಸವಾಗಿತ್ತು. ಯದುಲ್ಲಾ ಪೋಪ್ಲರ್ ಗಳುಗಳಿಂದ ಮೇಲೊಂದು ಇಳಿಜಾರು ಹೊದಿಕೆ ಕಟ್ಟಿ, ಕೆಡವಿದ ಹಳೆಯ ಸ್ನಾನಗೃಹದ ಗಾಜಿನ ಕಿಟಕಿಗಳನ್ನು ಅದರ ಮೇಲೆ ಜೋಡಿಸಿದ. ಗೂಡು ಬಿಚ್ಚಿದಾಗಲೆಲ್ಲ ಇನ್ನೂ ಬಿಸಿಯಿದ್ದ ಇಟ್ಟಿಗೆಗಳನ್ನು, ಸೊಟ್ಟಗಾದ ಹೂಜಿಗಳನ್ನು ಬುಟ್ಟಿಯಲ್ಲಿ ತಂದು ಮರದ ಸುತ್ತ ಇಡುತ್ತಿದ್ದ. "ಸೊಟ್ಟ ಹೂಜಿಗೂ ಒಂದು ನೌಕರಿ ಸಿಕ್ತು" ಎನ್ನುತ್ತಿದ್ದ.

ಚಳಿಗಾಲ ತನ್ನ ಪಾಡಿಗೆ ತಾನು ಬಂತು. ಹಿಮ ಬಿದ್ದ ಬೆಳಿಗ್ಗೆಗಳಲ್ಲಿ ಊರಿನವರೆಲ್ಲ ಮಾಳಿಗೆ ಏರಿ ಹಿಮವನ್ನು ಅಂಗಳಕ್ಕೆ ತಳ್ಳುತ್ತಾರೆ, ಇಲ್ಲದಿದ್ದರೆ ಮಣ್ಣಿನ ಮಾಳಿಗೆ ತಾಳುವುದಿಲ್ಲ. ಹೆಮ್ಮತ್ ಒಂದು ದಿನ ಹಾಡಿಕೊಳ್ಳುತ್ತ, ಹಳೆಯ ರೂಢಿಯಂತೆ ಹಿಮವನ್ನು ಅಂಗಳದ ನಡುವಿಗೇ ತಳ್ಳಿದ. ಗಾಜು ಒಡೆದ ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ಮೊನವ್ವರ್ ಬರಿಗಾಲಲ್ಲೇ ಓಡಿದಳು. ಎರಡು ಕಿಟಕಿ ಪುಡಿಯಾಗಿದ್ದವು. ಒಂದು ಕೊಂಬೆ ಸೀಳಿ ಜೋತಾಡುತ್ತಿತ್ತು. ಹಿಮ ನೇರ ನೆತ್ತಿಯ ಮೇಲೆ ಕುಳಿತಿತ್ತು.

"ಅತ್ತಿಗೇ, ನಾನು ನೋಡ್ಲಿಲ್ಲ, ದೇವರಾಣೆ ನೋಡ್ಲಿಲ್ಲ" ಎಂದು ಹೆಮ್ಮತ್ ಮಾಳಿಗೆಯಿಂದ ಕೂಗುತ್ತಿದ್ದ.

ಅವಳು ಕೈಯಿಂದ ಹಿಮ ತೆಗೆಯುತ್ತ, ಒಂದೊಂದು ಎಲೆಯನ್ನೂ ತೋಳಿನಿಂದ ಒರೆಸುತ್ತ ಹೋದಳು. ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ತೆರೆದ ಜಾಗದಿಂದ ಚಳಿ ನೀರಿನಂತೆ ಒಳಗೆ ಸುರಿಯುತ್ತಿತ್ತು. ಹೊಸ ಗಾಜು ತರಲು ಶಹರದ ದಾರಿ ಮುಚ್ಚಿತ್ತು.

ಆಗ ಮೇಲಿಂದ ಏನೋ ಭಾರವಾದದ್ದು ಧೊಪ್ಪನೆ ಬಿತ್ತು. ಕೋರ್ಸಿಯ ರಜಾಯಿ. ಮನೆಯಲ್ಲಿ ಅತ್ಯಂತ ದಪ್ಪದ್ದು, ಅತ್ತೆಯ ಮದುವೆಯ ಕಾಲದ್ದು. ಹೌಜಿನ ಅಂಚಿನಲ್ಲಿ ಅಖ್ತರ್ ಖಾನುಂ ನಿಂತಿದ್ದರು.

"ಏನು ನೋಡ್ತೀಯ? ಇಲಿ ತಿಂದಿದೆ ಅದನ್ನ. ಎಸೀಬೇಕಿತ್ತು" ಎಂದರು. "ತೂತು ಮುಚ್ಚು. ಮತ್ತೆ ಕಾಲಿಗೆ ಏನಾದ್ರೂ ಹಾಕ್ಕೋ, ಆಮೇಲೆ ನಿನ್ನ ನೆಗಡಿಗೂ ಮರಾನೇ ಬೈಬೇಕಾಗುತ್ತೆ."

ಮೊನವ್ವರ್ ರಜಾಯಿಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. ಇಲಿ ಎಲ್ಲಿಯೂ ತಿಂದಿರಲಿಲ್ಲ.

ಮರ ಉಳಿಯಿತು. ಎಲೆಗಳು ಅರ್ಧ ಉದುರಿದವು, ಉಳಿದರ್ಧ ಹಸಿರಾಗಿಯೇ ಇದ್ದವು. ನೌರೂಜ್‌ಗೆ ಕೆಲವೇ ದಿನಗಳಿರುವಾಗ, ಮನೆ ತೊಳೆಯುವ ಗದ್ದಲದ ನಡುವೆ, ನೀರು ಹಾಕಲು ಕೆಳಗಿಳಿದ ಮೊನವ್ವರ್ ನೆತ್ತಿಯ ಕೊಂಬೆಯ ತುದಿಯಲ್ಲಿ, ಎಲೆಯ ಕಂಕುಳಲ್ಲಿ, ಗಸಗಸೆ ಕಾಳಿನಷ್ಟು ಸಣ್ಣದಾದ ಬಿಳಿಯದೇನನ್ನೋ ಕಂಡಳು. ಹುಳವಿರಬಹುದೆಂದು ಕಣ್ಣು ಹತ್ತಿರ ತಂದಳು. ಒಂದಲ್ಲ, ಗೊಂಚಲು. ಪಕ್ಕದ ಎಲೆಯಲ್ಲೂ. ಉಸಿರು ತಾಗಿದರೆ ಎಲ್ಲಿ ಉದುರೀತೋ ಎಂದು ಬಾಯಿಗೆ ಕೈ ಅಡ್ಡ ಹಿಡಿದು, ಎಷ್ಟೋ ಹೊತ್ತು ಹಾಗೆಯೇ ಕುಕ್ಕರಗಾಲಲ್ಲಿ ಕುಳಿತಿದ್ದಳು.

ಮೇಲೆ ಬಂದಾಗ ಅತ್ತೆ ಹೇಳುತ್ತಿದ್ದರು. "ನಾಳೆ ಆ ಮರ ಎತ್ತಿಸಿ, ಹೌಜು ತೊಳೆದು ನೀರು ತುಂಬಿ. ಹಬ್ಬಕ್ಕೆ ಬೀಗರು ಬರ್ತಾರೆ. ನೀರಿಲ್ಲದ ಹೌಜು ಅಂದ್ರೆ ಕಣ್ಣು ಕಿತ್ತ ಮುಖದ ಹಾಗೆ."

ಹಗಲು ಬಿಸಿಲೇರುತ್ತಿತ್ತು, ನಿಜ. ಆದರೆ ಬೆಳಗಿನ ಜಾವ ಬಕೆಟ್ಟಿನ ನೀರು ಇನ್ನೂ ಗಾಜಾಗುತ್ತಿತ್ತು. ಈಗ ಮೇಲೆತ್ತಿದರೆ ಮೊಗ್ಗು ಒಂದೂ ಉಳಿಯುವುದಿಲ್ಲ. ಮರವೂ ಉಳಿಯುವುದು ಸಂಶಯ. ದಕ್ಷಿಣದ ಕೋಣೆಯಲ್ಲಿ ಹೊಸ ಸುಣ್ಣದ ಗೋಡೆ, ಹೊಸ ಜಮಖಾನ.

"ಅತ್ತೆ, ಈ ಒಂದು ಹಬ್ಬಕ್ಕೆ ಹೌಜು ಖಾಲಿ ಇರ್ಲಿ."

"ಏನಂದೆ?"

"ಮೊಗ್ಗು ಬಂದಿದೆ."

ಕೋಣೆಯಲ್ಲಿ ಎಲ್ಲರ ಕೈ ನಿಂತಿತು. ಮೊದಲು ನಕ್ಕವರು ಅತ್ತೆ. "ಪ್ರತಿ ವರ್ಷ ಬಲ್ಗೀಸ್‌ಗೆ ವಾಸನೆ ಬರ್ತಿತ್ತು, ಈ ವರ್ಷ ನಿನಗೆ ಮೊಗ್ಗು ಬಂತಾ? ಹೊಸ ಬೀಗರ ಮುಂದೆ ನನ್ನ ಅಂಗಳದಲ್ಲಿ ಗುಂಡಿ, ಗುಂಡಿಯೊಳಗೆ ಮುಳ್ಳು. ಜನ ಏನಂತಾರೆ? ಹದಿನಾಲ್ಕು ವರ್ಷ ತಡ್ಕೊಂಡೆ. ಇನ್ನು ಆಗಲ್ಲ."

ಮೊನವ್ವರ್ ಏಣಿಯನ್ನು ಹಿಡಿದು ಹೌಜಿನ ಅಂಚಿನಲ್ಲಿ ನಿಂತಳು. "ಬನ್ನಿ, ನೀವೇ ನೋಡಿ. ನೋಡಿದ ಮೇಲೂ ತೆಗಿ ಅಂದ್ರೆ ನಾನೇ ಹಗ್ಗ ಕಟ್ತೀನಿ."

"ಈ ಮಂಡೀಲಿ?"

"ನಾನು ಹಿಡ್ಕೋತೀನಿ."

ಅಖ್ತರ್ ಖಾನುಂ ಏಣಿ ಇಳಿದದ್ದು ಆ ಮನೆಯ ಕಥೆಗಳಲ್ಲಿ ಸೇರಿಹೋಗುವಂಥ ಸಂಗತಿ. ಕೆಳಗಿನಿಂದ ಸೊಸೆ, ಮೇಲಿನಿಂದ ಮಗ, ನಡುವೆ ಅವರು. ಪ್ರತಿ ಮೆಟ್ಟಿಲಿಗೂ ಒಬ್ಬೊಬ್ಬ ಪುಣ್ಯಾತ್ಮನ ಹೆಸರು, ನಡುನಡುವೆ ಸೊಸೆಗೆ ಬೈಗುಳ. ಕೆಳಗೆ ತಲುಪಿ ಕವುಚಿದ ಗಡಿಗೆಯ ಮೇಲೆ ಕುಳಿತು ಉಸಿರು ಬಿಟ್ಟರು. ಗಾಜಿನ ಮೂಲಕ ಬಿಸಿಲು ಇಳಿದಿತ್ತು. ಹಸಿಮಣ್ಣಿನ ವಾಸನೆ. ಮೇಲಿನ ಮನೆಯ ಸದ್ದೆಲ್ಲ ದೂರದ ಊರಿನದರಂತೆ ಕೇಳುತ್ತಿತ್ತು.

"ಬೆಚ್ಚಗಿದೆಯಲ್ಲೇ ಇಲ್ಲಿ" ಎಂದರು. "ಕಳ್ಳಿ. ಚಳಿಗಾಲ ಪೂರ್ತಿ ನಾನು ಮೇಲೆ ನಡುಗ್ತಾ ಕೂತಿದ್ದೆ."

ಮೊನವ್ವರ್ ಕೊಂಬೆಯ ತುದಿಯನ್ನು ಬೆಳಕಿಗೆ ಬಾಗಿಸಿ ಹಿಡಿದಳು. ಮುದುಕಿ ಕಣ್ಣು ಕಿರಿದು ಮಾಡಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದಾ?"

"ಇದೇ."

"ಇಷ್ಟಕ್ಕಾ ಇಷ್ಟು ವರ್ಷ?" ಬೆರಳು ಮುಂದೆ ಚಾಚಿದವರು ಹಾಗೆಯೇ ನಿಲ್ಲಿಸಿದರು. "ಮುಟ್ಟಿದ್ರೆ ಉದುರುತ್ತಾ?"

"ಉದುರುತ್ತೆ."

"ಚಳಿಗೆ?"

"ಚಳಿಗೂ ಉದುರುತ್ತೆ."

"ಕಣ್ಣು ತಾಗಿದ್ರೆ?"

"ಅದು ಯಾರ ಕಣ್ಣು ಅನ್ನೋದರ ಮೇಲಿದೆ, ಅತ್ತೆ."

ಅಖ್ತರ್ ಖಾನುಂ ಸೊಸೆಯ ಕಡೆ ಸರ್ರನೆ ತಿರುಗಿದರು. ಆಮೇಲೆ ಅವರ ಗಲ್ಲ ಅದುರಿತು, ಹೊಟ್ಟೆ ಕುಲುಕಿತು, ನಗು ಹೌಜಿನ ಗೋಡೆಗೆ ಬಡಿದು ದೊಡ್ಡದಾಗಿ ಮೇಲೆ ಹೋಯಿತು. ಮೇಲೆ ಯದುಲ್ಲಾ ಬಗ್ಗಿ, "ಏನಾಯ್ತು? ಬಿದ್ರಾ?" ಎಂದ.

"ಬೀಳ್ಲಿಲ್ಲ. ಯದುಲ್ಲಾ, ನಿನ್ನ ಹತ್ರ ಇರೋದ್ರಲ್ಲೇ ಅಗಲವಾದ ಬೋಗುಣಿ ಯಾವುದು?"

"ಯಾಕಮ್ಮ?"

"ಮೀನಿಗೆ. ಈ ವರ್ಷ ಮೀನು ಬೋಗುಣೀಲಿ ಹಬ್ಬ ಮಾಡ್ಲಿ. ಬೀಗರು ಕೇಳಿದ್ರೆ ಕುಂಬಾರರ ಮನೇಲಿ ಹೀಗೇ ಅಂತೀನಿ." ಸ್ವಲ್ಪ ತಡೆದು ಮತ್ತೆ ಕೂಗಿದರು. "ಹಾಗೇ ಒಂದು ಹಿಡಿ ಇಸ್ಪಂದ್ ಕಾಳು, ಕೆಂಡ ತರೋಕೆ ಹೇಳು. ಆ ಬಲ್ಗೀಸ್ ಬರೋಕೆ ಮುಂಚೆ ದೃಷ್ಟಿ ತೆಗೀಬೇಕು."

ಯಾವ ಮರವನ್ನು ಮನೆಯ ಕೇಡೆಂದು ಕರೆದಿದ್ದರೋ ಅದಕ್ಕೇ ಕೇಡು ತಾಗದಿರಲೆಂದು ಅಖ್ತರ್ ಖಾನುಂ ಅಂದು ಸಂಜೆ ಹೌಜಿನ ಸುತ್ತ ಧೂಪದ ಹೊಗೆ ಹಿಡಿದು ಕುಂಟುತ್ತ ಮೂರು ಸುತ್ತು ಬಂದರು. ಕಾಳುಗಳು ಕೆಂಡದ ಮೇಲೆ ಚಟಚಟ ಸಿಡಿದವು. ಮೊನವ್ವರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು, ಹತ್ತಿರ ಹೋಗಲಿಲ್ಲ.

ಹಬ್ಬ ಬಂತು. ನೀಲಿ ಬೋಗುಣಿಯಲ್ಲಿ ಕೆಂಪು ಮೀನು ಸುತ್ತಿದವು. ಬೀಗರು ಕೇಳಿದರು, ಅತ್ತೆ ತಾವು ಹೇಳಿದ್ದ ಸುಳ್ಳನ್ನೇ ಹೇಳಿದರು. ಬಲ್ಗೀಸ್ ಗುಂಡಿಯೊಳಗೆ ಇಣುಕಿ ಏನೋ ಹೇಳಲು ಬಾಯಿ ತೆರೆದಳು. "ಬಾಯಿ ಮುಚ್ಚೇ, ಗಾಳಿ ಹೋಗುತ್ತೆ" ಎಂದರು ಅಖ್ತರ್ ಖಾನುಂ. ಹದಿಮೂರನೆಯ ದಿನ ಎಲ್ಲರೂ ಹೊಳೆಗೆ ಹೋದರು. ಗೋಧಿಯ ತಟ್ಟೆಯೂ, ಮೊನವ್ವರ್ ಪ್ರತಿ ವರ್ಷ ಬೆಳೆಸುವ ಕಿತ್ತಳೆ ಸಸಿಗಳ ತಟ್ಟೆಯೂ ನೀರಿಗೆ ಹೋದವು. ಈ ಸಲ ಎರಡನ್ನೂ ನೀರಿಗೆ ಬಿಟ್ಟವರು ಅತ್ತೆ. ತಾವೇ ಬಿಡುತ್ತೇನೆಂದು ಹಟ ಹಿಡಿದರು.

ಮದುವೆಯೂ ಮುಗಿದು, ಏಪ್ರಿಕಾಟ್ ಹೂ ಉದುರಿ, ಬಕೆಟ್ಟಿನ ನೀರು ಬೆಳಿಗ್ಗೆಯೂ ನೀರಾಗಿಯೇ ಇರತೊಡಗಿದ ಒಂದು ದಿನ, ಯದುಲ್ಲಾ ಹೊದಿಕೆಯ ಗಾಜುಗಳನ್ನು ಒಂದೊಂದಾಗಿ ಎತ್ತಿದ. ಮೂರನೆಯ ಗಾಜು ಎತ್ತಿದಾಗ ಕೈ ನಿಲ್ಲಿಸಿ ಹೆಂಡತಿಯ ಕಡೆ ನೋಡಿದ. ಮಾತು ಬರಲಿಲ್ಲ ಅವನಿಗೆ.

ಪರಿಮಳ ಮೊದಲು ಹೌಜಿನ ಅಂಚಿನವರೆಗೆ ತುಂಬಿ, ಅಲ್ಲಿಂದ ನೀರು ಚೆಲ್ಲಿದಂತೆ ಅಂಗಳಕ್ಕೆ ಹರಿಯಿತು. ಹೊಸ ಸೊಸೆ ಕಿಟಕಿ ತೆರೆದಳು. ಸೂದಾಬೆ ಪಾಟಿಚೀಲ ಹೆಗಲಿಗೇರಿಸಿದವಳು ಹಾಗೆಯೇ ನಿಂತಳು. ಗೋಡೆಯಾಚೆ ಬಲ್ಗೀಸ್ ಯಾರಿಗೋ ಬೈಯುತ್ತಿದ್ದವಳು ಅರ್ಧ ಮಾತಿಗೆ ಸುಮ್ಮನಾದಳು. ಎಷ್ಟು ಹೊತ್ತಾದರೂ ಉಳಿದರ್ಧ ಕೇಳಿಸಲಿಲ್ಲ.

ಹೂವಿದ್ದದ್ದು ಎರಡು ಬೊಗಸೆ ತುಂಬುವಷ್ಟು. ಮೊನವ್ವರ್ ಮರದಲ್ಲಿದ್ದುದನ್ನು ಮುಟ್ಟಲಿಲ್ಲ. ತಾನಾಗಿ ಬಿದ್ದ ಎಸಳುಗಳನ್ನು ತಲೆವಸ್ತ್ರದ ಸೆರಗಿನಲ್ಲಿ ಆರಿಸಿಕೊಂಡು ಮೇಲೆ ಬಂದು, ಚಹಾಕ್ಕೆ ಹಾಕಿ, ಮೊದಲ ಲೋಟವನ್ನು ಅತ್ತೆಯ ಕೋಣೆಗೆ ಒಯ್ದಳು.

ಅತ್ತೆ ಕುಡಿದರು. ಕಣ್ಣು ಮುಚ್ಚಿಕೊಂಡೇ ಕುಡಿದರು. "ಬೀದಿ ಜನ ಮಾತು ಮರೀತಾರೆ ಅಂದಿದ್ದೆ ಅಲ್ವಾ ನೀನು" ಎಂದರು. ಅಷ್ಟೇ ಹೇಳಿದರು.

ಖಾಲಿ ಲೋಟ ತೆಗೆದುಕೊಳ್ಳಲು ಬಗ್ಗಿದಾಗ ಮೊನವ್ವರ್‌ಗೆ ಕಿಟಕಿಯ ಮೂಲೆಯಲ್ಲಿ, ಜಪಮಾಲೆಯ ಹಿಂದೆ, ಇನ್ನೊಂದು ಚಹಾ ಲೋಟ ಕಂಡಿತು. ಅದರಲ್ಲಿ ಮಣ್ಣು. ಮಣ್ಣಿನಲ್ಲಿ ಬೆರಳುದ್ದದ ಒಂದು ಕಿತ್ತಳೆ ಸಸಿ, ಮಿರುಗುವ ಹಸಿರು.

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

"ಅತ್ತೆ, ಇದು ಹದಿಮೂರರ ಹಸಿರಲ್ವಾ?"

"ನನ್ನ ತೋಳಿಗೆ ಅಂಟ್ಕೊಂಡು ಬಂತು. ನಾನೇನು ಮಾಡ್ಲಿ?" ಎಂದರು ಅಖ್ತರ್ ಖಾನುಂ. "ನೀನು ಮುಟ್ಟಬೇಡ ಅದನ್ನ, ಕತ್ತರಿಸ್ಬಿಡ್ತೀಯ." ಆಮೇಲೆ ಅಂಗಳದ ಕಡೆ ಮುಖ ಮಾಡಿ, ಮಂಡಿ ನೋವಿನವರು ಎಂದು ಯಾರೂ ನಂಬದಂಥ ದನಿಯಲ್ಲಿ ಕೂಗಿದರು. "ಯದುಲ್ಲಾ! ನನಗೊಂದು ಸಣ್ಣ ಕುಂಡ ಬೇಕು ಕಣೋ."